ಯಾರ ಜೊತೆ ಹೋಲಿಸಿದ್ದೀರಿ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಂಶೋಧನೆಯ ಬಗ್ಗೆಯೇ ಇದ್ದವು. ಕಾಫಿ, ಬಾಡಿಗೆ, ಟಿಬಿ, ಕೋಲಾರದ ಗಣಿ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳು. ಆದರೆ ಎಲ್ಲರ ಅನುಮಾನ ಒಂದೇ. ಇವರಿಗೆ ಇದು ಹೇಗೆ ಗೊತ್ತಾಯಿತು? ಇದು ಬಹಳ ಒಳ್ಳೆಯ ಅನುಮಾನ. ಅದಕ್ಕೇ ಈ ಸಲ ಕೆಲವೇ ಪ್ರಶ್ನೆಗಳನ್ನು ಆರಿಸಿಕೊಂಡು ಸ್ವಲ್ಪ ಉದ್ದವಾಗಿ ಉತ್ತರಿಸಿದ್ದೇನೆ.

ನಮ್ಮದು ಕಾಫಿ ತೋಟ. ಒಂದು ವಾರ ಕಾಫಿ ಹೃದಯಕ್ಕೆ ಒಳ್ಳೆಯದು ಅಂತ ಪೇಪರಿನಲ್ಲಿ ಬರುತ್ತದೆ, ಮುಂದಿನ ವಾರ ಕ್ಯಾನ್ಸರ್ ಬರುತ್ತದೆ ಅಂತ ಬರುತ್ತದೆ. ಎರಡಕ್ಕೂ ‘ಸಂಶೋಧನೆ’ ಅಂತಲೇ ಹೆಸರು. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಮೂಡಿಗೆರೆ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಒಂದು ಹಳೆಯ ಸಂಗತಿ ಹೇಳುತ್ತೇನೆ. 1981ರಲ್ಲಿ ಅಮೆರಿಕದ ಹಾರ್ವರ್ಡ್‌ನ ಸಂಶೋಧಕರು ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ನಂಟಿದೆ ಅಂತ ಬರೆದರು. ದೊಡ್ಡ ವಿಶ್ವವಿದ್ಯಾಲಯ, ದೊಡ್ಡ ವೈದ್ಯಕೀಯ ಪತ್ರಿಕೆ. ಸುದ್ದಿ ಎಲ್ಲ ಕಡೆ ಹರಡಿತು.

ಅವರು ಮಾಡಿದ್ದಿಷ್ಟು. ಆ ಕ್ಯಾನ್ಸರ್ ಇದ್ದ 369 ಜನರನ್ನು, ಅದು ಇಲ್ಲದ 644 ಜನರ ಜೊತೆ ಹೋಲಿಸಿದರು. ನೀವು ದಿನಕ್ಕೆ ಎಷ್ಟು ಕಪ್ ಕಾಫಿ ಕುಡಿಯುತ್ತೀರಿ ಅಂತ ಇಬ್ಬರನ್ನೂ ಕೇಳಿದರು. ಕ್ಯಾನ್ಸರ್ ಇದ್ದವರು ಜಾಸ್ತಿ ಕುಡಿಯುತ್ತಿದ್ದರು ಅಂತ ಕಂಡಿತು. ಆದರೆ ಆ 644 ಜನ ಯಾರು ಅಂತ ನೋಡಿ. ಅದೇ ಡಾಕ್ಟರುಗಳು ಆಸ್ಪತ್ರೆಗೆ ಸೇರಿಸಿದ್ದ ಬೇರೆ ರೋಗಿಗಳು. ಅವರಲ್ಲಿ ಎಷ್ಟೋ ಜನಕ್ಕೆ ಹೊಟ್ಟೆಯ, ಕರುಳಿನ ತೊಂದರೆ. ಹೊಟ್ಟೆ ಉರಿ ಇರುವವರು ಮೊದಲು ಏನು ಬಿಡುತ್ತಾರೆ? ಕಾಫಿ, ಅಲ್ವಾ? ಅಂದರೆ ಕ್ಯಾನ್ಸರಿನವರು ಜಾಸ್ತಿ ಕುಡಿದಿದ್ದರು ಅನ್ನುವುದಕ್ಕಿಂತ, ಹೋಲಿಕೆಗೆ ತಂದವರೇ ಕಡಿಮೆ ಕುಡಿಯುತ್ತಿದ್ದರು. ಮುಂದೆ ಬೇರೆಯವರು ಬೇರೆ ಜನರನ್ನು ಇಟ್ಟುಕೊಂಡು ನೋಡಿದಾಗ ಆ ನಂಟು ನಿಲ್ಲಲಿಲ್ಲ.

ಇನ್ನೊಂದು ತೊಡಕು ಸಿಗರೇಟು. ಕಾಫಿ ಜಾಸ್ತಿ ಕುಡಿಯುವವರಲ್ಲಿ ಸೇದುವವರೂ ಜಾಸ್ತಿ ಇರುತ್ತಿದ್ದರು. ಸಿಗರೇಟು ಮಾಡಿದ ಅನಾಹುತ ಕಾಫಿಯ ಲೆಕ್ಕಕ್ಕೆ ಬೀಳುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಹಾಕಿತ್ತು, 2016ರಲ್ಲಿ ಮತ್ತೆ ಎಲ್ಲವನ್ನೂ ನೋಡಿ ಅಲ್ಲಿಂದ ತೆಗೆಯಿತು. ಆಗಲೇ ಇನ್ನೊಂದು ಮಾತನ್ನೂ ಹೇಳಿತು. 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವೂ ಅನ್ನನಾಳಕ್ಕೆ ಒಳ್ಳೆಯದಲ್ಲ, ಕಾಫಿಯಾಗಲಿ ಚಹಾ ಆಗಲಿ. ಹಾಗಾಗಿ ಸ್ವಲ್ಪ ಆರಿಸಿ ಕುಡಿಯಿರಿ.

ಮುಂದಿನ ವಾರ ಇಂಥ ಸುದ್ದಿ ಬಂದರೆ, ಯಾರ ಜೊತೆ ಹೋಲಿಸಿದ್ದಾರೆ ಅಂತ ಮೊದಲು ಹುಡುಕಿ. ಅದು ಬರೆದಿಲ್ಲ ಅಂದರೆ ಆ ಸುದ್ದಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಕೆಳಗೆ ವಿಜ್ಞಾನಿಗಳು ಏನೋ ಯಂತ್ರ ಇಟ್ಟಿದ್ದರು ಅಂತ ಹೇಳುತ್ತಿದ್ದರು. ಚಿನ್ನ ತೆಗೆಯುವ ಜಾಗದಲ್ಲಿ ಅವರಿಗೇನು ಕೆಲಸ?
– ಓದುಗರೊಬ್ಬರು, ಕೆಜಿಎಫ್

ನಿಮ್ಮ ತಂದೆ ಹೇಳಿದ್ದು ಪೂರ್ತಿ ನಿಜ. ಅವರಿಗೆ ಅಲ್ಲಿ ಬೇಕಾಗಿದ್ದು ಚಿನ್ನ ಅಲ್ಲ, ತಲೆಯ ಮೇಲಿನ ಬಂಡೆ.

ಆಕಾಶದಿಂದ ಕಾಸ್ಮಿಕ್ ಕಿರಣಗಳು ಹಗಲು ರಾತ್ರಿ ಸುರಿಯುತ್ತಲೇ ಇರುತ್ತವೆ. ಆ ಗದ್ದಲದಲ್ಲಿ ನ್ಯೂಟ್ರಿನೊದಂಥ ಮೆತ್ತಗಿನ ಕಣವನ್ನು ಹಿಡಿಯುವುದು ಅಂದರೆ ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಎರಡು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದರೆ ಬಂಡೆಯೇ ಜರಡಿಯಾಗುತ್ತದೆ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಮೇಲೆಯೇ ನಿಲ್ಲುತ್ತದೆ, ನ್ಯೂಟ್ರಿನೊ ಸುಲಭವಾಗಿ ದಾಟಿ ಬರುತ್ತದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್‌ನವರ ಜೊತೆ ಸೇರಿ, 1965ರಲ್ಲಿ ಗಾಳಿಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ನಿಮ್ಮೂರಿನಲ್ಲೇ ಕಂಡರು. ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಅದೇ ವರ್ಷ ಅದೇ ಕಂಡಿತು. ಜಗತ್ತಿನಲ್ಲಿ ಮೊದಲು ಕಂಡವರು ಈ ಎರಡು ಗುಂಪಿನವರೇ. ಕೆಜಿಎಫ್ ಅಂದರೆ ಜನಕ್ಕೆ ಬರೀ ಚಿನ್ನ ನೆನಪಾಗುತ್ತದೆ. ಇದೂ ನೆನಪಾಗಬೇಕು ಅಂತ ನನಗೆ ಬಹಳ ಆಸೆ.

ಮುಂದಿನ ಭಾಗ ಇನ್ನೂ ಮುಖ್ಯ. 1980ರ ಹೊತ್ತಿಗೆ ಅಲ್ಲಿ 140 ಟನ್ ಕಬ್ಬಿಣದ ಒಂದು ಯಂತ್ರ ಕೂರಿಸಿದರು. ಪ್ರೋಟಾನ್ ಅನ್ನುವ ಕಣ ತಾನಾಗಿ ಒಡೆಯುತ್ತದಾ ಅಂತ ನೋಡಲು. ಅಂಥ ಕೆಲವು ಘಟನೆಗಳು ಕಂಡಂತೆಯೂ ಆಯಿತು. ಆದರೆ ದಾಟಿ ಬಂದ ನ್ಯೂಟ್ರಿನೊ ಒಂದು ಅಲ್ಲಿ ಡಿಕ್ಕಿ ಹೊಡೆದರೂ ಹೆಚ್ಚುಕಡಿಮೆ ಅದೇ ಥರದ ಗುರುತು ಬೀಳುತ್ತದೆ. ಹಾಗಾಗಿ ಎಷ್ಟು ಕಂಡಿತು ಅನ್ನುವುದೊಂದೇ ಸಾಲದು. ಪ್ರೋಟಾನ್ ಒಡೆಯದೇ ಇದ್ದಿದ್ದರೆ ಎಷ್ಟು ಕಾಣುತ್ತಿತ್ತು ಅನ್ನುವುದೂ ಬೇಕು. ಅಮೆರಿಕ ಮತ್ತು ಜಪಾನಿನ ಗಣಿಗಳಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿಗಳನ್ನಿಟ್ಟು ನೋಡಿದರು. ಪ್ರೋಟಾನ್ ಒಡೆಯಲಿಲ್ಲ. ಇವತ್ತಿನವರೆಗೂ ಒಡೆದದ್ದನ್ನು ಯಾರೂ ಕಂಡಿಲ್ಲ. ಕೆಜಿಎಫ್‌ನವರ ಕೆಲಸ ಸೋತಿತು ಅಂತ ಇದನ್ನು ಓದಬಾರದು. ಕಂಡದ್ದನ್ನು ಕಂಡ ಹಾಗೆ ಬರೆದರು, ಬೇರೆಯವರು ದೊಡ್ಡ ಯಂತ್ರದಲ್ಲಿ ಪರೀಕ್ಷೆ ಮಾಡಿದರು. ನಡೆಯಬೇಕಾದ್ದು ಹಾಗೆಯೇ. ಜಪಾನಿನ ಆ ತೊಟ್ಟಿಯಂತೂ 1987ರ ಫೆಬ್ರವರಿಯಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳನ್ನು ಹಿಡಿಯಿತು, ಅದನ್ನು ನಡೆಸಿದ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು.

ಪ್ರಾಕ್ಟಿಕಲ್‌ನಲ್ಲಿ ಉತ್ತರ ತಪ್ಪು ಬಂದರೆ ನಾವು ರೀಡಿಂಗ್ ಸ್ವಲ್ಪ ತಿದ್ದುತ್ತೇವೆ. ದೊಡ್ಡ ವಿಜ್ಞಾನಿಗಳೂ ಹಾಗೇ ಮಾಡುತ್ತಾರಾ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ನಿಜ ಹೇಳಿದ್ದಕ್ಕೆ ಸಂತೋಷ, ಮಗಳೇ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು, ಲೋಲಕದ ಪ್ರಯೋಗದ ರೆಕಾರ್ಡ್ ಪುಸ್ತಕಗಳನ್ನು ವರ್ಷಗಟ್ಟಲೆ ತಿದ್ದಿದ್ದೇನೆ. ಭೂಮಿಯ ಗುರುತ್ವದ ಅಳತೆ 9.8 ಬರಬೇಕು ಅಂತ ಮೊದಲೇ ಗೊತ್ತು. ಹಾಗಾಗಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಇಪ್ಪತ್ತು ಆಂದೋಲನದ ಸಮಯ ಬರೆದಿರುತ್ತಾರೆ. ಹಾಗೆ ಬರೆದ ಪುಟ ನೋಡಿದ ತಕ್ಷಣ ಗೊತ್ತಾಗುತ್ತದೆ. ನಿಜವಾಗಿ ಅಳೆದ ಅಂಕಿ ಅಷ್ಟು ನೀಟಾಗಿರುವುದಿಲ್ಲ.

ಈಗ 2011ರ ಕಥೆ ಕೇಳು. ಜಿನೀವಾದ ಸರ್ನ್ ಅನ್ನುವ ಕಣ ಸಂಶೋಧನಾ ಕೇಂದ್ರದಿಂದ ಇಟಲಿಯ ಗ್ರಾನ್ ಸಾಸೊ ಪರ್ವತದ ಕೆಳಗಿನ ಪ್ರಯೋಗಾಲಯಕ್ಕೆ, ನೆಲದೊಳಗೇ ಸುಮಾರು 730 ಕಿಲೋಮೀಟರ್, ನ್ಯೂಟ್ರಿನೊಗಳನ್ನು ಕಳಿಸುತ್ತಿದ್ದರು. ಅವು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆ ಬಂದವು. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ 60 ಚೂರು. ಅಷ್ಟೇ ಆದರೂ, ಬೆಳಕಿಗಿಂತ ವೇಗವಾಗಿ ಯಾವುದೂ ಹೋಗುವುದಿಲ್ಲ ಅಂತ ಐನ್‌ಸ್ಟೈನ್ ಹೇಳಿದ್ದು ಬುಡಮೇಲಾಗುತ್ತದೆ. ತಿಂಗಳುಗಟ್ಟಲೆ ತಪ್ಪು ಹುಡುಕಿದರು. ಸಿಗಲಿಲ್ಲ. ಆಗ ಅವರು ಅಂಕಿ ತಿದ್ದಲಿಲ್ಲ, ನಮಗೆ ಹೀಗೆ ಬರುತ್ತಿದೆ, ಎಲ್ಲಿ ಎಡವಿದ್ದೇವೆ ನೋಡಿ ಅಂತ ಸೆಪ್ಟೆಂಬರಿನಲ್ಲಿ ಜಗತ್ತಿನ ಮುಂದೆ ಇಟ್ಟರು.

ಕೆಲವೇ ತಿಂಗಳಲ್ಲಿ ಕಾರಣ ಸಿಕ್ಕಿತು. ಜಿಪಿಎಸ್ ಸಮಯವನ್ನು ಒಳಗಿನ ಗಡಿಯಾರಕ್ಕೆ ತರುವ ಫೈಬರ್ ಕೇಬಲ್ಲಿನ ಒಂದು ಕನೆಕ್ಟರ್ ಪೂರ್ತಿ ಬಿಗಿಯಾಗಿ ಕೂತಿರಲಿಲ್ಲ. ಅಷ್ಟೇ. ನಮ್ಮ ಮನೆಯ ಕೇಬಲ್ ವಯರು ಸಡಿಲವಾದರೆ ಟಿವಿ ಬರುವುದಿಲ್ಲ, ಇಲ್ಲಿ ಬೆಳಕು ತುಸು ಮಂಕಾಗಿ ಸಂಕೇತ ತಡವಾಯಿತು. ಅದೇ ಪರ್ವತದ ಕೆಳಗಿದ್ದ ಇನ್ನೊಂದು ಗುಂಪು 2012ರಲ್ಲಿ ಬೇರೆಯಾಗಿ ಅಳೆದಾಗ ನ್ಯೂಟ್ರಿನೊ ಬೆಳಕಿನ ವೇಗದಲ್ಲೇ ಬಂದಿತ್ತು.

ಮೇಲೆ ಹೇಳಿದ 1987ರ ನಕ್ಷತ್ರವೂ ಇಲ್ಲಿ ಸಾಕ್ಷಿ ಹೇಳಿತು. ಅದು ನಮ್ಮಿಂದ ಸುಮಾರು 1,68,000 ಜ್ಯೋತಿರ್ವರ್ಷ ದೂರ. ಇಟಲಿಯ ಲೆಕ್ಕ ಸರಿಯಾಗಿದ್ದರೆ ಆ ನ್ಯೂಟ್ರಿನೊಗಳು ಬೆಳಕಿಗಿಂತ ನಾಲ್ಕು ವರ್ಷ ಮುಂಚೆ ಬರಬೇಕಿತ್ತು. ಬಂದದ್ದು ಕೆಲವೇ ಗಂಟೆ ಮುಂಚೆ, ಅದೂ ಯಾಕೆಂದರೆ ಸಿಡಿಯುವ ನಕ್ಷತ್ರದ ಹೊಟ್ಟೆಯಿಂದ ಅವು ಮೊದಲು ಹೊರಬೀಳುತ್ತವೆ.

ನಿನ್ನ ರೀಡಿಂಗ್ 9.4 ಬಂದರೆ 9.4 ಅಂತಲೇ ಬರೆ. ಯಾಕೆ ಬಂತು ಅಂತ ಕೆಳಗೆ ಎರಡು ಸಾಲು ಬರೆ. ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆದೆಯಾ, ಬರೀ ಕೊಕ್ಕೆಯವರೆಗಾ? ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತದೆ.

ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಂಗಳೂರಿನಲ್ಲಿದ್ದೇವೆ. ಹನ್ನೊಂದು ತಿಂಗಳಾಗುತ್ತಲೇ ಓನರ್ ಬಾಡಿಗೆ ಏರಿಸುತ್ತಾರೆ. ಸರ್ಕಾರ ಇಷ್ಟೇ ಏರಿಸಬೇಕು ಅಂದರೆ ಮುಗಿಯಿತಲ್ಲವೇ? ಅರ್ಥಶಾಸ್ತ್ರಜ್ಞರು ಯಾಕೆ ಅಡ್ಡ ಬರುತ್ತಾರೆ? ಅವರಿಗೇನು ಲ್ಯಾಬ್ ಇದೆಯೇ?
– ಓದುಗರೊಬ್ಬರು, ಬಸವೇಶ್ವರನಗರ

ಲ್ಯಾಬ್ ಇಲ್ಲ. ಅರ್ಧ ಊರಿಗೆ ಒಂದು ಕಾನೂನು, ಇನ್ನರ್ಧಕ್ಕೆ ಇನ್ನೊಂದು ಅಂತ ಮಾಡಿ ನೋಡಲು ಅವರಿಗೆ ಯಾರೂ ಬಿಡುವುದಿಲ್ಲ. ಆದರೆ ಕೆಲವು ಸಲ ಕಾನೂನೇ ಅಂಥ ಗೆರೆ ಎಳೆದಿರುತ್ತದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1979ರಲ್ಲೇ ಬಾಡಿಗೆ ನಿಯಂತ್ರಣ ಬಂದಿತ್ತು, ಆದರೆ ನಾಲ್ಕು ಮನೆಗಳವರೆಗಿನ ಸಣ್ಣ ಕಟ್ಟಡಗಳನ್ನು ಬಿಟ್ಟಿದ್ದರು. 1994ರಲ್ಲಿ ಜನ ಮತ ಹಾಕಿ ಅವನ್ನೂ ಸೇರಿಸಿದರು. ಒಂದು ಷರತ್ತು: ಕಟ್ಟಡ 1980ಕ್ಕಿಂತ ಮೊದಲು ಕಟ್ಟಿದ್ದಾಗಿರಬೇಕು. ಹಾಗಾಗಿ ಒಂದೇ ಬೀದಿಯಲ್ಲಿ, ಒಂದೇ ಥರದ ಎರಡು ಕಟ್ಟಡ, ಒಂದು 1979ರದ್ದು, ಇನ್ನೊಂದು 1981ರದ್ದು. ಮೊದಲನೆಯದರಲ್ಲಿದ್ದವರಿಗೆ ರಕ್ಷಣೆ ಸಿಕ್ಕಿತು, ಎರಡನೆಯದರಲ್ಲಿದ್ದವರಿಗೆ ಇಲ್ಲ. ಸ್ಟ್ಯಾನ್‌ಫರ್ಡ್‌ನ ರೆಬೆಕಾ ಡೈಮಂಡ್ ಮತ್ತು ಅವರ ಜೊತೆಗಾರರು ಈ ಎರಡು ಥರದ ಕಟ್ಟಡಗಳಲ್ಲಿದ್ದವರನ್ನು ವರ್ಷಗಟ್ಟಲೆ ದಾಖಲೆಗಳಲ್ಲಿ ಹಿಂಬಾಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು.

ರಕ್ಷಣೆ ಸಿಕ್ಕ ಬಾಡಿಗೆದಾರರಿಗೆ ನಿಜವಾಗಿಯೂ ಲಾಭವಾಯಿತು. ಅದೇ ಮನೆಯಲ್ಲಿ ಉಳಿಯುವ ಸಾಧ್ಯತೆ ಶೇ 10ರಿಂದ 20ರಷ್ಟು ಜಾಸ್ತಿಯಾಯಿತು. ಆದರೆ ಮಾಲೀಕರು ಸುಮ್ನೆ ಕೂರಲಿಲ್ಲ. ಕೆಲವರು ಮನೆ ಮಾರಿದರು, ಕೆಲವರು ಕೆಡವಿ ಕಟ್ಟಿದರು, ಕೆಲವರು ಫ್ಲ್ಯಾಟ್ ಮಾಡಿ ಶ್ರೀಮಂತರಿಗೆ ಕೊಟ್ಟರು. ಆ ಕಟ್ಟಡಗಳಲ್ಲಿ ಬಾಡಿಗೆಗೆ ಸಿಗುವ ಮನೆ ಶೇ 15ರಷ್ಟು ಕಡಿಮೆಯಾಯಿತು, ಊರಿಡೀ ಬಾಡಿಗೆ ಶೇ 5ರಷ್ಟು ಏರಿತು ಅಂತ ಅವರ ಲೆಕ್ಕ. ಆಗಲೇ ಒಳಗಿದ್ದವರು ಉಳಿದುಕೊಂಡರು, ಹೊಸದಾಗಿ ಮನೆ ಹುಡುಕುವವರು ತೆತ್ತರು.

ಈ ಅಧ್ಯಯನದ ಅರ್ಧ ಮಾತ್ರ ಹೇಳುವವರು ಎರಡೂ ಕಡೆ ಇದ್ದಾರೆ. ಬಾಡಿಗೆದಾರರ ಪರ ಇರುವವರು ಮೊದಲ ಅರ್ಧ ಹೇಳುತ್ತಾರೆ, ಬಿಲ್ಡರ್‌ಗಳ ಪರ ಇರುವವರು ಎರಡನೆಯದು. ನಿಮ್ಮ ಕಷ್ಟಕ್ಕೆ ಬೆಲೆ ಇದೆ, ಅದನ್ನು ಸಂಶೋಧನೆಯೂ ಒಪ್ಪುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮಿತಿ ಹಾಕುವುದಾದರೆ ಅದರ ಜೊತೆಗೇ ಬಾಡಿಗೆ ಮನೆಗಳ ಸಂಖ್ಯೆ ಏರಿಸುವ ದಾರಿಯನ್ನೂ ಹೇಳಬೇಕು. ಇಲ್ಲದಿದ್ದರೆ ಊರಿಗೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗನ ಮೇಲೆ ಆ ಭಾರ ಬೀಳುತ್ತದೆ.

ಕೊಳೆಗೇರಿಯವರಿಗೆ ಊರಾಚೆ ಒಳ್ಳೆಯ ಮನೆ ಕೊಟ್ಟರೂ ವಾಪಸ್ ಬರುತ್ತಾರೆ. ಯಾಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಅಹಮದಾಬಾದಿನಲ್ಲಿ ಇದನ್ನು ನೋಡಿದ್ದಾರೆ. 1987ರಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಊರಂಚಿನ ಮನೆಗಳನ್ನು ಲಾಟರಿಯಲ್ಲಿ ಹಂಚಿದರು. ಗೆದ್ದವರೂ ಸೋತವರೂ ಒಂದೇ ಥರದ ಜನ, ಚೀಟಿ ಮಾತ್ರ ಬೇರೆ. ಹದಿನಾಲ್ಕು ವರ್ಷ ಬಿಟ್ಟು ಹೋಗಿ ನೋಡಿದರೆ ಗೆದ್ದವರಲ್ಲಿ ಶೇ 34ರಷ್ಟು ಜನ ಹೊಸ ಮನೆಗೆ ಕಾಲೇ ಇಟ್ಟಿರಲಿಲ್ಲ, ಇನ್ನು ಶೇ 32ರಷ್ಟು ಜನ ಹೋಗಿ ಬಿಟ್ಟು ಬಂದಿದ್ದರು. ಗೆದ್ದವರ ಆದಾಯವೂ ಸೋತವರಿಗಿಂತ ಏರಿರಲಿಲ್ಲ. ಗೋಡೆ ಚೆನ್ನಾಗಿತ್ತು. ಆದರೆ ಕಷ್ಟಕ್ಕೆ ಕೈಸಾಲ ಕೊಡುವ ಬಂಧುಗಳು, ಕುಲದವರು ದೂರವಾದರು. ಅಷ್ಟು ದೂರದಲ್ಲಿ ಮನೆ ಕೊಟ್ಟು, ಅವರಿಗೆ ಕೃತಜ್ಞತೆ ಇಲ್ಲ ಅನ್ನುವುದು ತಪ್ಪು.

ಅಣ್ಣನಿಗೆ ಟಿಬಿ ಬಂದಿದೆ. ಮಾತ್ರೆ ನುಂಗುತ್ತಿದ್ದಾನೆ. ಮನೆಯಲ್ಲಿ ಅತ್ತಿಗೆ, ಎರಡು ಮಕ್ಕಳಿದ್ದಾರೆ. ಚೆನ್ನಾಗಿ ಊಟ ಮಾಡಿದರೆ ಮಕ್ಕಳಿಗೆ ಬರುವುದಿಲ್ಲ ಅಂತ ಯಾರೋ ಹೇಳಿದರು. ನಂಬಬಹುದೇ?
– ಓದುಗರೊಬ್ಬರು, ಯಾದಗಿರಿ

ಬಹಳ ಮಟ್ಟಿಗೆ ನಂಬಬಹುದು. ಇದನ್ನು ಪರೀಕ್ಷಿಸಿದ ತಂಡವನ್ನು ಮುನ್ನಡೆಸಿದವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ.

ಔಷಧಿಯನ್ನು ಚೀಟಿ ಎತ್ತಿದ ಹಾಗೆ ಹಂಚಿ ಪರೀಕ್ಷಿಸುವ ಪದ್ಧತಿಗೂ ಟಿಬಿಗೂ ಹಳೆಯ ನಂಟು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಬ್ರಿಟನ್ನಿಗೆ ಸ್ಟ್ರೆಪ್ಟೊಮೈಸಿನ್ ಅನ್ನುವ ಟಿಬಿ ಔಷಧಿ ಸಿಗುತ್ತಿದ್ದದ್ದೇ ಸ್ವಲ್ಪ. ಯಾರಿಗೆ ಕೊಡುವುದು? ಬ್ರಾಡ್‌ಫರ್ಡ್ ಹಿಲ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಮುಚ್ಚಿದ ಲಕೋಟೆಗಳ ವ್ಯವಸ್ಥೆ ಮಾಡಿದರು. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಲಕೋಟೆ ಒಡೆಯಬೇಕು, ಒಳಗೆ ಏನಿದೆಯೋ ಅದೇ ಚಿಕಿತ್ಸೆ. ಡಾಕ್ಟರಿಗೆ ಕರುಣೆ ಬಂದರೂ ಆರಿಸುವಂತಿಲ್ಲ. ಆರು ತಿಂಗಳಲ್ಲಿ ಔಷಧಿ ಸಿಕ್ಕ 55 ಜನರಲ್ಲಿ 4 ಜನ ಸತ್ತರು, ಸಿಗದ 52 ಜನರಲ್ಲಿ 14 ಜನ. ಇದು 1948ರಲ್ಲಿ ಪ್ರಕಟವಾಯಿತು.

ಆಮೇಲೆ ಮದರಾಸು. 1950ರ ದಶಕದಲ್ಲಿ ಟಿಬಿ ಅಂದರೆ ಸ್ಯಾನಟೋರಿಯಮ್ಮಿಗೆ, ಅಂದರೆ ಟಿಬಿ ರೋಗಿಗಳನ್ನು ಇಟ್ಟುಕೊಳ್ಳುವ ಆಸ್ಪತ್ರೆಗೆ, ಹೋಗಬೇಕು, ಹಾಲು ಮೊಟ್ಟೆ ತಿನ್ನಬೇಕು ಅಂತಿತ್ತು. ಅಲ್ಲಿಯ ವೈದ್ಯರು ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಮ್ಮಿಗೆ ಕಳಿಸಿ, ಕೆಲವರಿಗೆ ಮನೆಯಲ್ಲೇ ಮಾತ್ರೆ ಕೊಟ್ಟರು. ಮನೆಯಲ್ಲಿದ್ದ ರೋಗಿಗಳ ಊಟ ಬಡವಾಗಿತ್ತು, ಆದರೂ ಗುಣವಾಗುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಅಣ್ಣ ಇವತ್ತು ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಳ್ಳುತ್ತಿರುವುದಕ್ಕೆ 1959ರ ಆ ವರದಿ ದೊಡ್ಡ ಕಾರಣ. ಆದರೆ ಅದರಿಂದ ಒಂದು ನಷ್ಟವೂ ಆಯಿತು. ಮಾತ್ರೆ ಇದ್ದರೆ ಸಾಕು, ಊಟ ಅಷ್ಟು ಮುಖ್ಯವಲ್ಲ ಅನ್ನುವ ಭಾವನೆ ಬೇರೂರಿತು. ಅಲ್ಲಿ ಕೇಳಿದ ಪ್ರಶ್ನೆಯೇ ಬೇರೆ ಆಗಿತ್ತು. ರೋಗಿ ಗುಣವಾಗುತ್ತಾನಾ ಅಂತ ಕೇಳಿದ್ದರು. ಊಟ ಕೊಟ್ಟರೆ ಅದೇ ಮನೆಯ ಉಳಿದವರಿಗೆ ರೋಗ ಬರದಂತೆ ತಡೆಯಬಹುದಾ ಅಂತ ಕೇಳಿರಲಿಲ್ಲ.

ಅದನ್ನು ಕೇಳಿದ್ದು ಜಾರ್ಖಂಡಿನಲ್ಲಿ, 2019ರಿಂದ. ಒಟ್ಟು 2,800 ರೋಗಿಗಳು, ಅವರ ಮನೆಯ 10,345 ಜನ. ರೋಗಿಗಳಿಗೆಲ್ಲ ರೇಷನ್ ಕೊಟ್ಟರು. ಮನೆಯ ಉಳಿದವರಿಗೆ ಕೊಟ್ಟದ್ದು ಚೀಟಿಯಲ್ಲಿ ಬಂದ ಪ್ರದೇಶಗಳಲ್ಲಿ ಮಾತ್ರ: ದೊಡ್ಡವರಿಗೆ ತಲಾ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಉಳಿದವರಿಗೆ ರೇಷನ್ ಸಿಗದ ಮನೆಗಳಲ್ಲಿ ನೂರಕ್ಕೆ ಎರಡೂವರೆ ಜನಕ್ಕೆ ಟಿಬಿ ಬಂತು, ಸಿಕ್ಕ ಮನೆಗಳಲ್ಲಿ ನೂರಕ್ಕೆ ಎರಡಕ್ಕೂ ಕಡಿಮೆ. ಎಲ್ಲ ಲೆಕ್ಕ ಹಾಕಿದರೆ ಸುಮಾರು ಶೇ 40ರಷ್ಟು ಇಳಿಕೆ. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರು ಸಾಯುವುದು ಬಹಳ ಕಡಿಮೆಯಾಗಿತ್ತು. ಅಕ್ಕಿ, ಬೇಳೆ ಇಷ್ಟು ಮಾಡಿತು ಅಂತ 2023ರಲ್ಲಿ ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಈಗ ನೀವು ಮಾಡಬೇಕಾದ್ದು. ಅಣ್ಣ ಒಂದು ದಿನವೂ ಮಾತ್ರೆ ತಪ್ಪಿಸಬಾರದು, ಊಟ ಮಾತ್ರೆಯ ಬದಲಿಗೆ ಅಲ್ಲ. ಮಕ್ಕಳನ್ನೂ ಅತ್ತಿಗೆಯನ್ನೂ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಟಿಬಿ ಬರದಂತೆ ತಡೆಯುವ ಔಷಧಿ ಬೇಕಾ ಅಂತ ಕೇಳಿ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ತಿಂಗಳಿಗೆ 1,000 ರೂಪಾಯಿ ಬರಬೇಕು, 2024ರ ನವೆಂಬರಿನಿಂದ 500 ಇದ್ದದ್ದು ದುಪ್ಪಟ್ಟಾಗಿದೆ. ಬರುತ್ತಿಲ್ಲ ಅಂದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಬ್ಯಾಂಕ್ ವಿವರ ಸರಿಯಾಗಿದೆಯಾ ನೋಡಿಸಿ. ಬಂದ ಹಣದ ಬೇಳೆಯನ್ನು ಇಡೀ ಮನೆಗೆ ಹಾಕಿ.

ಇಂಥ ಪ್ರಬಂಧಗಳನ್ನು ದುಡ್ಡು ಕೊಡದೆ ಓದಲು ಆಗುತ್ತದೆಯೇ? ಓದಿದರೂ ನನಗೆ ಅರ್ಥವಾಗುತ್ತದೆಯೇ?
– ನರ್ಸಿಂಗ್ ವಿದ್ಯಾರ್ಥಿ, ಧಾರವಾಡ

ಆಗುತ್ತದೆ. ಭೌತಶಾಸ್ತ್ರದವರು 1991ರಿಂದಲೂ ಆರ್ಕೈವ್ ಅನ್ನುವ ತಾಣದಲ್ಲಿ ಎಲ್ಲರಿಗೂ ಸಿಗುವ ಹಾಗೆ ಹಾಕುತ್ತಾರೆ. ವೈದ್ಯಕೀಯಕ್ಕೆ ಪಬ್‌ಮೆಡ್ ಸೆಂಟ್ರಲ್ ಇದೆ. ಅರ್ಥಶಾಸ್ತ್ರದವರು ತಮ್ಮ ಪುಟದಲ್ಲೇ ಕರಡು ಇಟ್ಟಿರುತ್ತಾರೆ. ನಿಮ್ಮದು ಸರ್ಕಾರಿ ಕಾಲೇಜಾದರೆ ಲೈಬ್ರರಿಯಲ್ಲಿ, ಪತ್ರಿಕೆಗಳ ಚಂದಾ ಸರ್ಕಾರವೇ ಕಟ್ಟುವ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಬಂದಿದೆಯಾ ಅಂತ ಕೇಳಿ, 2025ರ ಜನವರಿಯಿಂದ ಶುರುವಾಗಿದೆ.

ಅರ್ಥವಾಗುವ ವಿಷಯಕ್ಕೆ ಬಂದರೆ, ಮೊದಲ ಪುಟದಿಂದ ಓದಬೇಡಿ. ವೈದ್ಯಕೀಯ ಪ್ರಬಂಧವಾದರೆ ನೇರವಾಗಿ ಟೇಬಲ್ 1ಕ್ಕೆ ಹೋಗಿ. ಸಾಮಾನ್ಯವಾಗಿ ಅಲ್ಲಿ ಎರಡು ಕಾಲಂ ಇರುತ್ತವೆ, ಚಿಕಿತ್ಸೆ ಸಿಕ್ಕವರು ಮತ್ತು ಸಿಗದವರು. ವಯಸ್ಸು, ತೂಕ, ಸಕ್ಕರೆ ಕಾಯಿಲೆ, ಸಿಗರೇಟು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಎರಡೂ ಕಾಲಂ ನೋಡಿಕೊಂಡು ಹೋಗಿ. ಎಲ್ಲಿ ಅಂಕಿಗಳು ಬಹಳ ಬೇರೆ ಬೇರೆ ಇವೆಯೋ ಅಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ, ಆಮೇಲೆ ಮೊದಲ ಪುಟಕ್ಕೆ ಬನ್ನಿ.